ಬಾನೆಟ್ ಕೆಳಗೆ ನೀರು ಕಡಿಮೆ, ಬ್ರಶ್ ಜಾಸ್ತಿ

ಹೋದ ಸಂಚಿಕೆಯಲ್ಲಿ ಬ್ಯಾಟರಿ ಬಗ್ಗೆ ಬರೆಯುವಾಗ ‘ಬಾನೆಟ್ ಎತ್ತಿದಾಗ ಒಳಗೂ ಒಂದು ಸಲ ಒರೆಸಿ’ ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಹೇಗೆ ಒರೆಸಬೇಕು, ನೀರು ಹಾಕಬಹುದಾ, ಏನನ್ನು ಮುಟ್ಟಬಾರದು ಅಂತ ಕೇಳಿದ್ದೀರಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ಒಂದು ಮಾತು. ನಾನು ಆಟೋ ಎಲೆಕ್ಟ್ರಿಷಿಯನ್. ಇಪ್ಪತ್ತಾರು ವರ್ಷದಿಂದ ಕಾರಿನ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಎಂಜಿನ್ ಬಿಚ್ಚುವವಳಲ್ಲ, ವೈರು ಹಿಡಿದು ದೋಷ ಹುಡುಕುತ್ತಾ ಹೋಗುವವಳು. ನೀರು ಹೋಗಬಾರದ ಕಡೆ ಹೋದರೆ ಏನಾಗುತ್ತದೆ ಅನ್ನುವುದು ನನ್ನ ಕಣ್ಣ ಮುಂದೆಯೇ ನಡೆಯುತ್ತದೆ. ಹಾಗಾಗಿ ನನ್ನ ಉತ್ತರಗಳಲ್ಲಿ ನೀರಿನ ಬಗ್ಗೆ ಎಚ್ಚರಿಕೆ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಪ್ರಶ್ನೆ: ಮೇಡಂ, ನನ್ನ ಪೆಟ್ರೋಲ್ ಕಾರಿಗೆ ಎಂಟು ವರ್ಷ. ಹೊರಗಡೆ ಪ್ರತಿ ವಾರ ತೊಳೆಯುತ್ತೇನೆ. ಬಾನೆಟ್ ಎತ್ತುವುದು ವೈಪರ್ ನೀರು ತುಂಬಿಸಲು ಮಾತ್ರ. ಈಗ ನೋಡಿದರೆ ಒಳಗೆಲ್ಲ ಧೂಳು, ಎಲೆ, ಒಂದು ಕಡೆ ಕಪ್ಪು ಜಿಡ್ಡು. ಪೈಪ್ ಹಿಡಿದು ತೊಳೆದುಬಿಡಲಾ? ಅಷ್ಟಕ್ಕೂ ಇದನ್ನು ತೊಳೆಯುವುದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಉಪಯೋಗ ಖಂಡಿತ ಇದೆ. ಎಂಜಿನ್ ಹೊಳೆದರೆ ಕಾರು ಜೋರಾಗಿ ಓಡುವುದಿಲ್ಲ, ಅದು ನಿಜ. ಆದರೆ ಶುಚಿಯಾದ ಎಂಜಿನ್ ಮೇಲೆ ಎಣ್ಣೆ ಜಿನುಗಿದರೆ ಮರುದಿನವೇ ಕಾಣುತ್ತದೆ. ಬಿರುಕು ಬಿಟ್ಟ ಹೋಸ್, ಇಲಿ ಕಡಿದ ವೈರು, ಸಡಿಲವಾದ ಕ್ಲಿಪ್ ಎಲ್ಲ ಕಾಣುತ್ತವೆ. ಕೊಳಕಾದ ಎಂಜಿನ್‌ನಲ್ಲಿ ಇವೆಲ್ಲ ಜಿಡ್ಡಿನ ಕೆಳಗೆ ಅಡಗಿರುತ್ತವೆ. ನಾನು ಯಾವ ಕಾರಿಗೆ ಕೈ ಹಾಕಿದರೂ ಮೊದಲು ಬ್ರಶ್ ತೆಗೆದುಕೊಳ್ಳುವುದು ಇದಕ್ಕೇ.

ಪೈಪ್ ಮಾತ್ರ ಬೇಡ. ಎಂಟು ವರ್ಷದ ಧೂಳಾದರೂ ಬಹುಪಾಲು ಒಣ ಬ್ರಶ್ಶಿಗೇ ಬಂದುಬಿಡುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಒದ್ದೆ ಬಟ್ಟೆಗೆ ಬರುತ್ತದೆ. ನೀರು ಹಾಕಿ ತೊಳೆಯಬೇಕಾದ ಜಿಡ್ಡು ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಇರುತ್ತದೆ.

ಮೊದಲು ಎಂಜಿನ್ ತಣ್ಣಗಾಗಲಿ. ಓಡಿಸಿ ಬಂದಿದ್ದರೆ ಕನಿಷ್ಠ ಎರಡು ಗಂಟೆ ಬಿಡಿ. ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರ್ ಮೇಲೆ ಅಂಗೈ ಇಟ್ಟರೆ ಆರಾಮವಾಗಿ ಇಟ್ಟುಕೊಳ್ಳುವಂತಿರಬೇಕು. ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೀರಾ ಬಿಸಿ ಇದ್ದಾಗ ಅದರ ಮೇಲೆ ತಣ್ಣೀರು ಬಿದ್ದರೆ ಅದು ಸೀಳಬಹುದು, ಹಬೆ ಮುಖಕ್ಕೆ ಹೊಡೆಯಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ. ಒಳಗಿನ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಒತ್ತಡದಲ್ಲಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಕುದಿದು ಮೇಲೆ ಚಿಮ್ಮುತ್ತದೆ.

ಕೀ ತೆಗೆದು ಮನೆಯೊಳಗೆ ಇಡಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗುತ್ತದೆ. ಕೈ ಅಲ್ಲಿರುವಾಗ ಅದು ಶುರುವಾಗಬಾರದು ಅಲ್ವಾ? ಎಂಜಿನ್ ತಣ್ಣಗಾಗಲಿ ಅನ್ನುವುದಕ್ಕೆ ಇದೂ ಒಂದು ಕಾರಣ. ಬಾನೆಟ್ ಕಡ್ಡಿ ಅದರ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಅಲುಗಿಸಿ ನೋಡಿ. ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡಿ. ಕೈಗವಸು ಹಾಕಿಕೊಳ್ಳಿ. ಇನ್ನೊಂದು ಕೆಲಸ: ಫೋನಿನಲ್ಲಿ ನಾಲ್ಕೈದು ಫೋಟೋ ತೆಗೆದುಕೊಳ್ಳಿ. ಯಾವ ಹೋಸ್ ಎಲ್ಲಿತ್ತು, ಯಾವ ಜಾಗದಲ್ಲಿ ಜಿಡ್ಡು ಇತ್ತು ಅನ್ನುವುದಕ್ಕೆ ಅದೇ ದಾಖಲೆ. ಮುಂದೆ ತುಂಬಾ ಬೇಕಾಗುತ್ತದೆ.

ಈಗ ಎಲೆಗಳು. ಗಾಜಿನ ಬುಡದಲ್ಲಿ, ವೈಪರ್ ಕೆಳಗೆ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಎಲೆ, ಕಡ್ಡಿ, ಮಣ್ಣು ಸೇರುವುದು ಅಲ್ಲೇ. ಗಾಜಿನ ಮೇಲಿಂದ ಇಳಿಯುವ ಮಳೆನೀರು ಹೊರಗೆ ಹೋಗಲು ಆ ಜಾಗದ ಎರಡು ತುದಿಯಲ್ಲೂ ಸಾಮಾನ್ಯವಾಗಿ ತೂತುಗಳಿರುತ್ತವೆ. ಅವು ಮುಚ್ಚಿಕೊಂಡರೆ ನೀರು ನಿಂತು, ಎಸಿ ಬ್ಲೋವರ್ ಕಡೆಯಿಂದ ಕಾರಿನೊಳಗೆ ಇಳಿಯುತ್ತದೆ. ಕಾಲ ಕೆಳಗಿನ ಕಾರ್ಪೆಟ್ ಒದ್ದೆ ಅಂತ ಬಂದ ಕಾರುಗಳಲ್ಲಿ ಒಂದು ಹಿಡಿ ಕೊಳೆತ ಎಲೆ ತೆಗೆದು ಸರಿಮಾಡಿದ್ದು ಎಷ್ಟೋ ಸಲ. ಎಲೆ ತೆಗೆದ ಮೇಲೆ ಅರ್ಧ ಮಗ್ ನೀರನ್ನು ನಿಧಾನಕ್ಕೆ ಸುರಿಯಿರಿ. ಕಾರಿನ ಕೆಳಗೆ ನೀರು ಸಲೀಸಾಗಿ ಬಿದ್ದರೆ ದಾರಿ ತೆರೆದಿದೆ ಅಂತ ಅರ್ಥ. ನನ್ನ ಮಟ್ಟಿಗೆ ಇಡೀ ಶುಚಿ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಉಳಿದ ಯಾವುದಕ್ಕೂ ಪುರುಸೊತ್ತಿಲ್ಲದಿದ್ದರೂ ಮಳೆಗಾಲಕ್ಕೆ ಮುಂಚೆ ಇದೊಂದನ್ನು ಮಾಡಿ.

ಆಮೇಲೆ ಒಣ ಬ್ರಶ್. ಗೋಡೆಗೆ ಬಣ್ಣ ಹಚ್ಚುವ ಎರಡು ಇಂಚಿನ ಮೆತ್ತನೆ ಬ್ರಶ್, ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಶ್. ಬ್ರಶ್ಶಿನ ಲೋಹದ ಪಟ್ಟಿಗೆ ಟೇಪ್ ಸುತ್ತಿ, ಬ್ಯಾಟರಿ ಹತ್ತಿರ ತಗುಲಿದರೂ ಕಿಡಿ ಬರುವುದಿಲ್ಲ. ಮೇಲಿಂದ ಕೆಳಗೆ ಧೂಳು ಇಳಿಸುತ್ತಾ ಬನ್ನಿ. ವ್ಯಾಕ್ಯೂಮ್ ಇದ್ದರೆ ಜೊತೆಜೊತೆಗೇ ಎಳೆದುಕೊಳ್ಳಿ.

ಮೂರನೆಯದು ಒದ್ದೆ ಬಟ್ಟೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಕಾರ್ ಶಾಂಪೂ. ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಪ್ಲಾಸ್ಟಿಕ್ ಕವರು, ಹೋಸ್, ಬಾನೆಟ್ಟಿನ ಒಳಮೈ, ಫೆಂಡರ್ ಅಂಚು ಒರೆಸಿ. ಎಷ್ಟು ಬಟ್ಟೆ ತೆಗೆದುಕೊಂಡಿರಿ ಅಂತ ಮೊದಲೇ ಎಣಿಸಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಿಡ್ಡು ಉಳಿದ ಜಾಗಕ್ಕೆ ಮಾತ್ರ ಡಿಗ್ರೀಸರ್, ಅಂದರೆ ಜಿಡ್ಡು ಬಿಡಿಸುವ ದ್ರಾವಣ. ನೀರಿನಲ್ಲಿ ಬೆರೆಸುವಂಥದ್ದು ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ. ಕಾಸ್ಟಿಕ್ ಇರುವ ಕ್ಲೀನರ್ ಆಗಲಿ, ಚಕ್ರಕ್ಕೆ ಹಾಕುವ ಆಸಿಡ್ ಕ್ಲೀನರ್ ಆಗಲಿ ಬೇಡ. ಬರಿಯ ಅಲ್ಯೂಮಿನಿಯಂ ಮೇಲೆ ಎರಡೂ ಕಲೆ ಬಿಡುತ್ತವೆ, ಆ ಕಲೆ ಹೋಗುವುದಿಲ್ಲ. ಡಿಗ್ರೀಸರನ್ನು ನೇರವಾಗಿ ಎಂಜಿನ್ ಮೇಲೆ ಸಿಂಪಡಿಸುವ ಬದಲು ಬ್ರಶ್ಶಿಗೆ ಹಾಕಿ ಉಜ್ಜಿ. ಮೂರು ನಾಲ್ಕು ನಿಮಿಷ ಬಿಡಿ. ಒಣಗಲು ಬಿಡಬೇಡಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ ತೆಗೆಯಿರಿ.

ಕೆಸರು ಗಟ್ಟಿಯಾಗಿ ಹಿಡಿದಿದ್ದು ನೀರು ಹಾಕಲೇಬೇಕು ಅಂತಾದರೆ, ಕೈಯಲ್ಲಿ ಒತ್ತುವ ಸ್ಪ್ರೇ ಬಾಟಲಿ ಸಾಕು. ಅದಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಕಳಚಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ, ಏರ್ ಫಿಲ್ಟರಿಗೆ ಗಾಳಿ ಎಳೆಯುವ ಬಾಯಿ, ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳು, ವೈರು ಜೋಡಿಸುವ, ಕಣ್ಣಿಗೆ ಕಾಣುವ ಕಪ್ಲರ್‌ಗಳು ಎಲ್ಲಕ್ಕೂ ಪ್ಲಾಸ್ಟಿಕ್ ಚೀಲ ಕಟ್ಟಿ. ಎಣ್ಣೆ ಮುಚ್ಚಳ, ಡಿಪ್‌ಸ್ಟಿಕ್, ಬ್ರೇಕ್ ಎಣ್ಣೆಯ ಮುಚ್ಚಳ ಬಿಗಿಯಾಗಿವೆಯಾ ನೋಡಿ. ಬ್ರೇಕ್ ಎಣ್ಣೆಗೆ ನೀರು ಸೇರಿದರೆ ಅದು ಬೇಗ ಕುದಿಯುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ತಡೆಯಬೇಕು ಅನ್ನುವುದು ನಿಯಮ. ನೀರು ಹೀರಿಕೊಂಡ ಎಣ್ಣೆಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ.

ಕೊನೆಗೆ ಚೀಲ, ಬಟ್ಟೆ ಎಲ್ಲ ಎಣಿಸಿ ತೆಗೆಯಿರಿ. ಒಂದು ಕಾರು ನನ್ನ ಹತ್ತಿರ ಸುಟ್ಟ ವಾಸನೆ ಅಂತ ಬಂದಿತ್ತು. ಯಾರೋ ಶುಚಿ ಮಾಡಿ ಒರೆಸುವ ಬಟ್ಟೆಯನ್ನು ಎಂಜಿನ್ ಹಿಂದೆ ಮರೆತಿದ್ದರು. ಅದು ಜಾರಿ ಎಕ್ಸಾಸ್ಟ್ ಮೇಲೆ ಬಿದ್ದು ಅರ್ಧ ಕರಕಲಾಗಿತ್ತು. ಇನ್ನೂ ಹತ್ತು ಕಿಲೋಮೀಟರ್ ಓಡಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎಣಿಸಿ ಅಂದದ್ದು ಅದಕ್ಕೇ.

ಎಲ್ಲ ಒರೆಸಿ ಒಣಗಿಸಿ. ಬಾನೆಟ್ ತೆರೆದೇ ಒಂದು ಗಂಟೆ ಬಿಡಿ. ಆಮೇಲೆ ಬ್ಯಾಟರಿ ಜೋಡಿಸಿ, ಬಯಲಿನಲ್ಲಿ ಎಂಜಿನ್ ಶುರು ಮಾಡಿ, ಹತ್ತು ನಿಮಿಷ ಐಡಲ್‌ನಲ್ಲಿ ಓಡಲಿ. ಮುಚ್ಚಿದ ಶೆಡ್ಡಿನಲ್ಲಿ ಓಡಿಸಬೇಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅಲ್ಲಲ್ಲಿ ಹಬೆ ಏಳುತ್ತದೆ, ಗಾಬರಿ ಬೇಡ.

ಪ್ರಶ್ನೆ: ಒಂದು ಕಡೆ ಕಾರು ತೊಳೆಯಲು ಕೊಟ್ಟಿದ್ದೆ. ನಾನು ಕೇಳದಿದ್ದರೂ ಬಾನೆಟ್ ಎತ್ತಿ ಪ್ರೆಶರ್ ಗನ್ನಿನಲ್ಲಿ ಎಂಜಿನ್ ತೊಳೆದಿದ್ದಾರೆ. ಅವತ್ತಿನಿಂದ ಕಾರು ನಡುಗುತ್ತಿದೆ, ಎಂಜಿನ್ ಲೈಟ್ ಮಿಣುಕುತ್ತಿದೆ. ಒಣಗಿದರೆ ತಾನೇ ಸರಿಹೋಗುತ್ತದೆ ಅಂತ ಓಡಿಸುತ್ತಿದ್ದೇನೆ. ಸರಿನಾ?

ಉತ್ತರ: ದಯವಿಟ್ಟು ಇವತ್ತೇ ಓಡಿಸುವುದನ್ನು ನಿಲ್ಲಿಸಿ. ಎಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿರುವುದು ಬೇರೆ, ಮಿಣುಕುವುದು ಬೇರೆ. ಬಹಳಷ್ಟು ಕಾರುಗಳಲ್ಲಿ ಮಿಣುಕಿದರೆ ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಅರ್ಥ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ. ಅದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಅದನ್ನು ವಿಪರೀತ ಕಾಯಿಸಿ ಹಾಳುಮಾಡುತ್ತದೆ. ಕಾಯಿಲ್ ಒಣಗಿಸುವುದು ಒಂದು ಗಂಟೆಯ ಕೆಲಸ. ಕನ್ವರ್ಟರ್ ಹೋದರೆ ಅದು ದೊಡ್ಡ ಖರ್ಚು.

ನೀರು ಎಲ್ಲಿ ನಿಂತಿರುತ್ತದೆ ಅಂದರೆ, ಸ್ಪಾರ್ಕ್ ಪ್ಲಗ್ ಕೂತಿರುವ ಬಾವಿಯಂಥ ಗುಂಡಿಯಲ್ಲಿ. ಅದರ ಬಾಯಿಗೆ ಕಾಯಿಲ್ಲಿನ ರಬ್ಬರ್ ಮುಚ್ಚಿಕೊಂಡಿರುತ್ತದೆ. ಮೇಲಿಂದ ಬೀಳುವ ಮಳೆನೀರನ್ನು ಆ ರಬ್ಬರ್ ತಡೆಯುತ್ತದೆ. ಪ್ರೆಶರ್ ಗನ್ನಿನ ನೀರನ್ನು ತಡೆಯುವುದಿಲ್ಲ. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇಲ್ಲ, ಅದೇ ರಬ್ಬರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ವಾರ ಕಳೆದರೂ ಒಣಗುವುದಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ನೆಗೆಟಿವ್ ಕಳಚಿ, ಒಂದೊಂದೇ ಕಾಯಿಲ್ ಮೇಲೆತ್ತಿ. ಗುಂಡಿಯೊಳಗೆ ಟಾರ್ಚ್ ಬಿಡಿ. ನೀರು ಕಂಡರೆ ಕಡ್ಡಿಗೆ ಬಟ್ಟೆ ಸುತ್ತಿ ಹೀರಿ ತೆಗೆಯಿರಿ, ಅಥವಾ ಗಾಳಿ ಊದಿಸಿ. ಪ್ಲಗ್ ಬಿಚ್ಚುವ ಕೆಲಸ ನೀರು ಪೂರ್ತಿ ಹೋಗುವವರೆಗೆ ಬೇಡವೇ ಬೇಡ. ಬಿಚ್ಚಿದರೆ ನೀರು, ಮರಳು ಎಲ್ಲ ಸಿಲಿಂಡರಿಗೇ ಇಳಿಯುತ್ತದೆ. ಕಾಯಿಲ್ ಎತ್ತಿ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕಾರಿನ ಹತ್ತಿರವೇ ಕರೆಸಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ರಿಪೇರಿ ಮುಗಿದ ಕಾರನ್ನು ಚೆನ್ನಾಗಿ ಕಾಣಲಿ ಅಂತ ಪೈಪ್ ಹಿಡಿದು ತೊಳೆದೆ. ಎಂಜಿನ್ ಇನ್ನೂ ಬಿಸಿ ಇತ್ತು. ಕಾರಿನವರು ಬಂದು ಶುರು ಮಾಡಿದರೆ ಎಂಜಿನ್ ಗಡಗಡ ನಡುಗಿತು. ಅವರಿಗೆ ಆಸ್ಪತ್ರೆಗೆ ಹೋಗಬೇಕಿತ್ತು, ಅಮ್ಮನನ್ನು ಮನೆಗೆ ಕರೆತರುವುದಿತ್ತು. ಎರಡು ಗಂಟೆ ಕಾದರು. ಒಂದು ಮಾತೂ ಬಯ್ಯಲಿಲ್ಲ. ಅವರು ಅಲ್ಲಿ ನಿಂತಿದ್ದ ರೀತಿ ನನಗೆ ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: ಬ್ಯಾಟರಿ ತುದಿಯಲ್ಲಿ ಬಿಳಿ, ನೀಲಿ ಪುಡಿ ಬೆಳೆದಿದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಬಿಸಿನೀರು ಸುರಿದರೆ ಹೋಗುತ್ತದೆ ಅನ್ನುತ್ತಾರೆ. ಸುರಿಯಬಹುದಾ?

ಉತ್ತರ: ಬಿಸಿನೀರಿಗೆ ಪುಡಿ ಕರಗುತ್ತದೆ, ಆದರೆ ಆಸಿಡ್ ಹಾಗೇ ಉಳಿದು ನೀರಿನ ಜೊತೆ ಹರಿದು ಕೆಳಗಿನ ತಗಡನ್ನು ತಿನ್ನುತ್ತದೆ. ಅಡುಗೆ ಸೋಡಾ ಒಳ್ಳೆಯದು. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ.

ಮೊದಲು ನೆಗೆಟಿವ್ ಕಳಚಿ, ಆಮೇಲೆ ಪಾಸಿಟಿವ್. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕಾರಿನ ಬಾಡಿ ಪೂರ್ತಿ ನೆಗೆಟಿವ್‌ಗೆ ಸೇರಿದೆ. ನೆಗೆಟಿವ್ ಇದ್ದ ಹಾಗೇ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕಿಡಿ ತಾಗಿದರೆ ಬ್ಯಾಟರಿ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಇರಲಿ. ರೇಡಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಸೋಡಾ ನೀರನ್ನು ಹಳೆಯ ಬ್ರಶ್ಶಿನಲ್ಲಿ ಹಚ್ಚಿ. ನೊರೆ ಬುರುಬುರು ಏಳುತ್ತದೆ. ನೊರೆ ನಿಲ್ಲುವವರೆಗೂ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಬ್ಯಾಟರಿಯ ಮೇಲೆ ಮುಚ್ಚಳಗಳಿದ್ದರೆ ಸೋಡಾ ಒಳಗೆ ಹೋಗದಂತೆ ಬಿಗಿಯಾಗಿರಲಿ. ಕ್ಲ್ಯಾಂಪಿನ ಒಳಮೈಯನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಡೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ.

ಆ ಪುಡಿಯಿಂದ ಸ್ಟಾರ್ಟ್ ಆಗಲು ಕಷ್ಟ ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಸ್ಟಾರ್ಟರ್ ಮೋಟಾರ್ 150 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಪುಡಿಯ ತಡೆ ಬರೀ 0.01 ಓಮ್ ಇದ್ದರೂ 1.5 ವೋಲ್ಟ್ ಅಲ್ಲೇ ಹೋಯಿತು. ಬ್ಯಾಟರಿ ಗಟ್ಟಿಯಾಗಿದ್ದರೂ ಮೋಟಾರಿಗೆ ತಲುಪುವುದು ಕಡಿಮೆ. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ತುದಿ ಒರೆಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಶುಚಿ ಮಾಡಿದ ಮೇಲೆ ಬೇಗನೇ ಮತ್ತೆ ಬೆಳೆದರೆ, ಚಾರ್ಜಿಂಗ್ ಜಾಸ್ತಿಯಾಗುತ್ತಿದೆಯಾ ಅಂತ ಅಳೆಸಿ.

ಪ್ರಶ್ನೆ: ನೀವು ಹೇಳುವ ಹಾಗೇ ಬ್ರಶ್, ಬಟ್ಟೆಯಲ್ಲಿ ಶುಚಿ ಮಾಡಿದೆ. ಒಂದು ವಾರದಲ್ಲಿ ಎಂಜಿನ್ ಪಕ್ಕದಲ್ಲಿ ಎಣ್ಣೆ ಒಸರುತ್ತಿದೆ. ಮೊದಲು ಇರಲಿಲ್ಲ. ಉಜ್ಜಿದ್ದರಿಂದ ಏನಾದರೂ ಕಿತ್ತುಹೋಯಿತಾ?

ಉತ್ತರ: ಮೊದಲೂ ಇತ್ತು. ನಿಮಗೆ ಕಾಣುತ್ತಿರಲಿಲ್ಲ ಅಷ್ಟೇ. ಜಿನುಗಿದ ಎಣ್ಣೆಗೆ ಧೂಳು ಅಂಟಿ ಗಟ್ಟಿಯಾಗುತ್ತದೆ, ಹೊಸ ಎಣ್ಣೆಯನ್ನು ಆ ಧೂಳೇ ಹೀರಿಕೊಳ್ಳುತ್ತದೆ. ಧೂಳಿನ ಪದರ ಎಲ್ಲಿ ಅತಿ ದಪ್ಪ ಇತ್ತೋ ಅಲ್ಲೇ ಸೋರಿಕೆ. ಶುಚಿ ಮಾಡುವ ಮುಂಚಿನ ಫೋಟೋ ಇದ್ದರೆ ಈಗ ಪಕ್ಕದಲ್ಲಿಟ್ಟು ನೋಡಿ.

ಎಣ್ಣೆ ಕೆಳಗೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಒದ್ದೆ ಇರುವ ಎಲ್ಲಕ್ಕಿಂತ ಮೇಲಿನ ಜಾಗ ಹುಡುಕಿ. ಬಹಳಷ್ಟು ಸಲ ಅದು ಟ್ಯಾಪೆಟ್ ಕವರ್ ಅಂಚಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಆಗಿರುತ್ತದೆ. ಖಚಿತ ಆಗದಿದ್ದರೆ ಅಲ್ಲಿ ಪೂರ್ತಿ ಒಣಗಿಸಿ, ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಫ್ಯಾನ್ ಬೆಲ್ಟ್ ಮೇಲೆ ಬೀಳದಿರಲಿ. ಸ್ವಲ್ಪ ದೂರ ಓಡಿಸಿ ಬಂದು ನೋಡಿ. ಬಿಳಿ ಪುಡಿಯ ಮೇಲೆ ಎಣ್ಣೆ ಬಂದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ನನಗೆ ಇದು ಹಳೆಯ ಮೆಕ್ಯಾನಿಕ್ ಒಬ್ಬರು ಕಲಿಸಿದ್ದು.

ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಕಂದು ಅಥವಾ ಕಪ್ಪು ಕಲೆ ಇದ್ದರೆ ಎಂಜಿನ್ ಎಣ್ಣೆ. ಕೆಂಪು ಇದ್ದರೆ ಹೆಚ್ಚಾಗಿ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರ್ ಎಣ್ಣೆ. ಎಸಿ ಹಾಕಿಕೊಂಡು ಬಂದಾಗ ತೊಟ್ಟಿಕ್ಕುವ ಬರೀ ನೀರಿಗೆ ಹೆದರಬೇಡಿ. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಜಾರುವ ನೀರು ಕೂಲೆಂಟ್. ಅದನ್ನು ಕೂಡಲೇ ಒರೆಸಿ ತೆಗೆಯಿರಿ. ಕೂಲೆಂಟ್‌ನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಆದರೂ ಅವುಗಳ ಜೀವಕ್ಕೆ ಅಪಾಯ. ಚಕ್ರದ ಒಳಬದಿಯಲ್ಲಿ ತಿಳಿ ಹಳದಿಯ ಜಾರುವ ಎಣ್ಣೆ ಕಂಡರೆ ಅದು ಬ್ರೇಕ್ ಎಣ್ಣೆ ಇರಬಹುದು. ಆಗ ಕಾರು ಹೊರಗೆ ತೆಗೆಯಲೇಬೇಡಿ.

ಪ್ರಶ್ನೆ: ಪೆಟ್ರೋಲ್ ಅಥವಾ ಸೀಮೆಎಣ್ಣೆ ಹಾಕಿದರೆ ಜಿಡ್ಡು ಬೇಗ ಹೋಗುತ್ತದಲ್ಲಾ? ನಮ್ಮ ತಂದೆ ಹಾಗೇ ಮಾಡುತ್ತಿದ್ದರು.

ಉತ್ತರ: ಹೋಗುತ್ತದೆ. ಆದರೂ ಬೇಡ. ಪೆಟ್ರೋಲಿನ ಆವಿ ಕಾಣುವುದಿಲ್ಲ, ಕೆಳಗೆ ಹರಡುತ್ತದೆ, ಒಂದು ಕಿಡಿ ಸಾಕು. ಎರಡೂ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಈಗಿನ ಕಾರಿನ ಬಾನೆಟ್ ಕೆಳಗೆ ನಿಮ್ಮ ತಂದೆಯ ಕಾಲದ ಕಾರಿಗಿಂತ ರಬ್ಬರ್, ಪ್ಲಾಸ್ಟಿಕ್, ವೈರು ಎಷ್ಟೋ ಜಾಸ್ತಿ.

ಪ್ರಶ್ನೆ: ಶುಚಿ ಮಾಡಿದ ಮೇಲೆ ಹೊಳಪು ಬರಲಿ ಅಂತ ಸಿಲಿಕೋನ್ ಸ್ಪ್ರೇ ಎಲ್ಲ ಕಡೆ ಹೊಡೆದೆ. ಈಗ ಸ್ಟಾರ್ಟ್ ಮಾಡಿದಾಗ ಕೀಂ ಅಂತ ಶಬ್ದ. ಡಬ್ಲ್ಯುಡಿ-40 ಹೊಡೆದರೆ ನಿಲ್ಲುತ್ತದೆ ಅಂತ ಸ್ನೇಹಿತರು ಹೇಳಿದರು.

ಉತ್ತರ: ಹೊಡೆಯಬೇಡಿ. ಆ ಶಬ್ದ ಫ್ಯಾನ್ ಬೆಲ್ಟ್ ಜಾರುತ್ತಿರುವುದು. ಅದರ ಮೇಲೆ ಸಿಲಿಕೋನ್ ಬಿದ್ದಿದೆ. ಇನ್ನೊಂದು ಎಣ್ಣೆ ಬಿದ್ದರೆ ಶಬ್ದ ಸ್ವಲ್ಪ ಹೊತ್ತು ನಿಂತು, ಜಾರುವುದು ಇನ್ನೂ ಜಾಸ್ತಿಯಾಗುತ್ತದೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬೆಲ್ಟಿನ ಒಳಗೆ ಹೊರಗೆ, ಪುಲ್ಲಿಗಳ ಮೇಲೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಆಮೇಲೂ ಶಬ್ದ ಇದ್ದರೆ ಬೆಲ್ಟ್ ಬದಲಾಯಿಸಬೇಕಾಗುತ್ತದೆ.

ಡಬ್ಲ್ಯುಡಿ-40ರ ಹೆಸರಿನಲ್ಲೇ ಅದರ ಕೆಲಸ ಇದೆ. ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ಅಂದರೆ ನೀರನ್ನು ಓಡಿಸುವುದು. 40 ಅಂದರೆ ನಲವತ್ತನೆಯ ಪ್ರಯತ್ನ. 1953ರಲ್ಲಿ ಲೋಹಕ್ಕೆ ತುಕ್ಕು ಹಿಡಿಯದಿರಲಿ ಅಂತ ಮಾಡಿದ್ದು. ಬಾನೆಟ್ ಕೀಲಿಗೆ, ತುಕ್ಕು ಹಿಡಿದ ಬೋಲ್ಟಿಗೆ ಬಳಸಿ. ಹೊಳಪಿಗೆ ಬೇಡ, ಅದರ ಮೇಲೆ ಧೂಳು ಅಂಟಿಕೊಂಡು ಹದಿನೈದು ದಿನಕ್ಕೆ ಮೊದಲಿಗಿಂತ ಕೊಳಕಾಗುತ್ತದೆ.

ಪ್ಲಾಸ್ಟಿಕ್, ರಬ್ಬರ್ ಚೆನ್ನಾಗಿ ಕಾಣಬೇಕು ಅಂದರೆ ನೀರಿನಲ್ಲಿ ಮಾಡಿದ ಡ್ರೆಸ್ಸಿಂಗ್ ತೆಗೆದುಕೊಳ್ಳಿ. ಬಟ್ಟೆಗೆ ಹಾಕಿಕೊಂಡು ಒರೆಸಿ. ಬೆಲ್ಟ್, ಪುಲ್ಲಿ, ಎಕ್ಸಾಸ್ಟ್ ಹತ್ತಿರ ಹೋಗಬೇಡಿ. ಹಚ್ಚಿದ ಮೇಲೆ ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಅಂಟು ಉಳಿಯುವುದಿಲ್ಲ. ನನಗೆ ಹೊಳಪಿಗಿಂತ ಒಣಗಿದ ಮಂದ ಕಪ್ಪೇ ಇಷ್ಟ, ಸೋರಿಕೆ ಅದರ ಮೇಲೆ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಇಲಿ ಗೂಡು! ಹತ್ತಿ, ಕಾಗದ ಚೂರು, ಹಿಕ್ಕೆ. ಬ್ಲೋವರ್‌ನಲ್ಲಿ ಊದಿಬಿಡಲಾ?

ಉತ್ತರ: ಊದಬೇಡಿ, ಒಣ ಬ್ರಶ್ಶಿನಲ್ಲೂ ಗುಡಿಸಬೇಡಿ. ಹಿಕ್ಕೆಯ ಧೂಳು ಗಾಳಿಗೆ ಎದ್ದು ಮೂಗಿಗೆ ಹೋದರೆ ರೋಗ ಬರಬಹುದು. ಇಲಿಯ ಮೂತ್ರದಿಂದ ಇಲಿಜ್ವರವೂ ಹರಡುತ್ತದೆ. ಕೈಗವಸು, ಮಾಸ್ಕ್ ಹಾಕಿ. ಸೋಂಕು ಕೊಲ್ಲುವ ದ್ರಾವಣ ಸಿಂಪಡಿಸಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಕಾಗದದಲ್ಲಿ ಬಾಚಿ, ಚೀಲದಲ್ಲಿ ಕಟ್ಟಿ ಎಸೆಯಿರಿ. ಡಬ್ಬಿಯ ಒಳಗೆ ಒರೆಸಿ ಒಣಗಿಸಿ. ಫಿಲ್ಟರ್ ಹೊಸದು ಹಾಕಿ, ಕಾಗದದ ಫಿಲ್ಟರನ್ನು ತೊಳೆಯಲು ಆಗುವುದಿಲ್ಲ.

ವಾಸನೆ ಪೂರ್ತಿ ಹೋಗುವ ಹಾಗೆ ಒರೆಸುವುದು ಮುಖ್ಯ. ಒಂದು ಇಲಿಯ ವಾಸನೆ ಹಿಡಿದು ಇನ್ನೊಂದು ಬರುತ್ತದೆ. ಇಲಿಯ ಮುಂಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ, ಅದಕ್ಕೆ ಕಡಿಯದೆ ಗತಿಯಿಲ್ಲ. ಹಾಗಾಗಿ ಗೂಡು ಸಿಕ್ಕಿದ ಮೇಲೆ ಸುತ್ತಲಿನ ಪ್ರತಿ ವೈರನ್ನೂ ಬೆರಳಲ್ಲಿ ಸವರಿ ನೋಡಿ. ಎಂಜಿನ್ನಿನ ಹಿಂಬದಿ, ಕೂರುವ ಜಾಗದಿಂದ ಎಂಜಿನ್ನನ್ನು ಬೇರ್ಪಡಿಸುವ ತಗಡಿನ ಗೋಡೆಯ ಕಡೆಗೆ ಇರುವ ವೈರುಗಳನ್ನು ಮರೆಯಬೇಡಿ. ತಾಮ್ರ ಕಾಣುವ ವೈರು ಒಂದು ಸಿಕ್ಕರೂ ಸ್ಟಾರ್ಟ್ ಮಾಡುವ ಮುಂಚೆ ಸರಿಮಾಡಿಸಿ.

ಪ್ರಶ್ನೆ: ಹಾರ್ನ್, ಫಾಗ್ ಲ್ಯಾಂಪ್ ಹಾಕಿಸಿದ ವೈರುಗಳು ಬಾನೆಟ್ ಒಳಗೆ ಬಳ್ಳಿಯ ಹಾಗೆ ಜೋತಾಡುತ್ತಿವೆ. ಇನ್ಸುಲೇಷನ್ ಟೇಪ್ ಸುತ್ತಿ ಕಟ್ಟಿದರೆ ಸಾಕಾ?

ಉತ್ತರ: ನನಗೆ ತುಂಬಾ ಪ್ರೀತಿಯ ಪ್ರಶ್ನೆ ಇದು. ಸಾಮಾನ್ಯ ಪಿವಿಸಿ ಟೇಪ್ ಸುಮಾರು 80 ಡಿಗ್ರಿಯವರೆಗಿನ ಬಿಸಿಗೆ ಮಾಡಿದ್ದು. ಎಂಜಿನ್ನಿನ ಕೂಲೆಂಟೇ 90 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯಲ್ಲಿ ಒಂದೆರಡು ತಿಂಗಳಿಗೇ ಅಂಟು ಕರಗಿ, ಟೇಪ್ ಬಿಚ್ಚಿಕೊಂಡು, ವೈರೆಲ್ಲ ಅಂಟಂಟು. ಕಂಪನಿಯಿಂದ ಬಂದ ವೈರಿಂಗ್ ನೋಡಿ, ಬಟ್ಟೆಯಂಥ ಟೇಪ್ ಸುತ್ತಿರುತ್ತಾರೆ. ವಾಹನದ ವೈರಿಂಗಿಗೆ ಅಂತಲೇ ಆ ಬಟ್ಟೆ ಟೇಪ್ ಸಿಗುತ್ತದೆ. ಅದನ್ನೇ ತನ್ನಿ. ಜೊತೆಗೆ ಉದ್ದಕ್ಕೆ ಸೀಳಿದ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಕೊಳವೆ ತೆಗೆದುಕೊಳ್ಳಿ. ವೈರುಗಳನ್ನು ಅದರೊಳಗೆ ಕೂರಿಸಿ, ಎರಡು ತುದಿಗೆ ಬಟ್ಟೆ ಟೇಪ್ ಸುತ್ತಿ.

ದಾರಿ ಹೇಗೆ ಆರಿಸಬೇಕು? ಕಂಪನಿಯ ವೈರು ಎಲ್ಲಿ ಹೋಗಿದೆಯೋ ಅದರ ಪಕ್ಕದಲ್ಲೇ ಹೋಗಿ. ಬಿಸಿ, ಚೂಪು, ತಿರುಗುವುದು ಇವನ್ನೆಲ್ಲ ತಪ್ಪಿಸಿ ಅವರು ದಾರಿ ಮಾಡಿರುತ್ತಾರೆ. ಎಕ್ಸಾಸ್ಟ್, ಫ್ಯಾನ್, ಬೆಲ್ಟ್ ಕಡೆ ಸುಳಿಯಬೇಡಿ. ಪೆಟ್ರೋಲ್ ಪೈಪಿಗೂ ಬ್ರೇಕ್ ಪೈಪಿಗೂ ವೈರು ಕಟ್ಟಬೇಡಿ. ತಗಡಿನ ತೂತಿನಲ್ಲಿ ವೈರು ದಾಟುತ್ತಿದ್ದರೆ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಇರಲೇಬೇಕು, ಇಲ್ಲದಿದ್ದರೆ ತಗಡಿನ ಅಂಚು ನಿಧಾನಕ್ಕೆ ವೈರನ್ನು ಕೊಯ್ಯುತ್ತದೆ.

ಕೇಬಲ್ ಟೈ ಹಾಕುವಾಗ ಒಂದು ವಿಷಯ ನೆನಪಿಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಸ್ಟಾರ್ಟ್ ಮಾಡಿದಾಗ ಅಲುಗುತ್ತದೆ. ಬಾಡಿಯಿಂದ ಎಂಜಿನ್‌ಗೆ ಹೋಗುವ ವೈರಿನಲ್ಲಿ ಸ್ವಲ್ಪ ಸಡಿಲ ಬಿಡಿ. ಅಂದವಾಗಿ ಕಾಣಲಿ ಅಂತ ತಂತಿಯ ಹಾಗೆ ಬಿಗಿದು ಕಟ್ಟಿದ ವೈರುಗಳೇ ಮೊದಲು ಒಳಗೊಳಗೆ ತುಂಡಾಗುವುದು. ಹೊರಗಿಂದ ಏನೂ ಗೊತ್ತಾಗುವುದಿಲ್ಲ, ಹುಡುಕಿ ಹುಡುಕಿ ಸಾಕಾಗುತ್ತದೆ. ಟೈ ಕತ್ತರಿಸುವಾಗ ತುದಿ ಉಳಿಸಬೇಡಿ. ಮುಂದೆ ಕೈ ಹಾಕುವವರ ಮಣಿಕಟ್ಟು ಗೀರುತ್ತದೆ. ನನ್ನ ಎಡಗೈಯಲ್ಲಿ ಅಂಥ ನಾಲ್ಕು ಗೆರೆಗಳಿವೆ.

ಆ ಫಾಗ್ ಲ್ಯಾಂಪ್ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇದೆಯಾ ಅಂತಲೂ ಈಗಲೇ ನೋಡಿ. ಇಲ್ಲದಿದ್ದರೆ ಅಂದಗೊಳಿಸುವ ಮುಂಚೆ ಅದನ್ನು ಹಾಕಿಸಿ. ಹಳದಿ ಕಪ್ಲರ್ ಕಂಡರೆ ಕೈ ಹಾಕಬೇಡಿ, ಬಹಳಷ್ಟು ಕಾರುಗಳಲ್ಲಿ ಆ ಬಣ್ಣ ಏರ್‌ಬ್ಯಾಗಿನದು.

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಕಾರು. ಒಳಗೆ ಎಣ್ಣೆ ಜಿಡ್ಡು ಇಲ್ಲ, ಬರೀ ಧೂಳು. ಇದೇ ಕ್ರಮವಾ?

ಉತ್ತರ: ಒಣ ಬ್ರಶ್, ಚೆನ್ನಾಗಿ ಹಿಂಡಿದ ಬಟ್ಟೆ, ಅಲ್ಲಿಗೆ ನಿಲ್ಲಿಸಿ. ಸ್ಪ್ರೇ ಬಾಟಲಿಯೂ ಬೇಡ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅವನ್ನು ಎಳೆಯುವುದು, ಅವುಗಳ ಕಪ್ಲರ್ ಬಿಚ್ಚುವುದು ಮನೆಯ ಕೆಲಸ ಅಲ್ಲ. ಕೇಬಲ್ ಹೊರಪದರ ಎಲ್ಲಾದರೂ ಗೀರಿದ್ದು, ಕಡಿದದ್ದು ಕಂಡರೆ ಮುಟ್ಟದೆ ಸರ್ವೀಸಿನವರಿಗೆ ಹೇಳಿ. ಹೈಬ್ರಿಡ್ ಕಾರಿಗೂ ಇದೇ ಮಾತು. ಗಾಜಿನ ಬುಡದ ಎಲೆ ಮಾತ್ರ ನಿಮ್ಮ ಕಾರಿನಲ್ಲೂ ಅಷ್ಟೇ ಸೇರುತ್ತದೆ, ಅದನ್ನು ತೆಗೆಯಿರಿ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ‘ನಾನೂ ಬರ್ತೀನಿ’ ಅಂತ ಹಟ ಮಾಡುತ್ತಾಳೆ. ಅವಳ ಕೈಗೆ ಯಾವ ಕೆಲಸ ಕೊಡಬಹುದು, ಮೇಡಂ?

ಉತ್ತರ: ಕರೆದುಕೊಳ್ಳಿ, ಖಂಡಿತ ಕರೆದುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಿರಲಿ, ಕೂದಲು ಕಟ್ಟಿರಲಿ, ಕೀ ಮನೆಯೊಳಗೆ ಇರಲಿ. ಬ್ಯಾಟರಿ ಮತ್ತು ಡಿಗ್ರೀಸರ್ ನಿಮ್ಮ ಕೆಲಸ. ಎಲೆ ಹೆಕ್ಕುವುದು, ಹಲ್ಲುಜ್ಜುವ ಬ್ರಶ್ಶಿನಲ್ಲಿ ಸಂದಿಯ ಧೂಳು ತೆಗೆಯುವುದು ಅವಳ ಕೆಲಸ. ಸಣ್ಣ ಕೈ ನಿಮ್ಮ ಕೈ ಹೋಗದ ಕಡೆ ಹೋಗುತ್ತದೆ. ಟಾರ್ಚ್ ಕೊಟ್ಟು, ಒದ್ದೆ ಇರುವ ಜಾಗ ಎಲ್ಲೆಲ್ಲಿದೆ ಹುಡುಕು ಅನ್ನಿ. ಮುಚ್ಚಳಗಳ ಮೇಲಿನ ಚಿತ್ರ ನೋಡಿ ಯಾವುದು ಎಣ್ಣೆ, ಯಾವುದು ಕೂಲೆಂಟ್, ಯಾವುದು ಬ್ರೇಕ್ ಅಂತ ಅವಳೇ ಹೇಳಲಿ. ನಾನು ನಮ್ಮಪ್ಪನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಾಗ ನನಗೂ ಸುಮಾರು ಅಷ್ಟೇ ವಯಸ್ಸು.

ಬಟ್ಟೆಯ ಲೆಕ್ಕವನ್ನೂ ಅವಳಿಗೇ ಒಪ್ಪಿಸಿ. ಶುರುವಿನಲ್ಲಿ ಎಷ್ಟು ತೆಗೆದುಕೊಂಡಿರಿ ಅಂತ ಬರೆದುಕೊಳ್ಳಲಿ. ಕೊನೆಗೆ ಎಲ್ಲವನ್ನೂ ನೆಲದ ಮೇಲೆ ಹರಡಿ ಎಣಿಸಲಿ. ಲೆಕ್ಕ ಸರಿಯಾಗಿದೆ ಅಂತ ಅವಳು ಹೇಳಿದ ಮೇಲೆ ಬಾನೆಟ್ ಮುಚ್ಚಿ.